ಚರ್ಚಿನ ಗೋಡೆಗೆ ರಕ್ತ ಸುರಿಯೋ ಶಿಲುಬೆ: ಹುಡುಗ್ರ ಮನಸ್ಸಿಗೆ ಏನಾಗ್ತದ?

ಮಾಂಜ್ರಾ ದಂಡೆ:
ಬೀದರ್ ಕಡೆ ಒಂದು ಹಳ್ಳಿಯ ಕಥೋಲಿಕ ಚರ್ಚಿನಾಗ ಒಳಗೋಡೆಗೆ ಶಿಲುಬೆ ಹಾದಿಯ (ಯೇಸು ಶಿಲುಬೆ ಹೊತ್ತು ಸಾವಿಗೆ ನಡೆದ ಘಟ್ಟಗಳ) 14 ಚಿತ್ರ ಬರೆಸೋ ವಿಚಾರ ನಡೆದದ. ಪೇಂಟರ್ ತಂದ ಮಾದರಿ ಹಾಳಿಗಳಾಗ ಬೆನ್ನ ತುಂಬ ಬಾಸುಂಡೆ, ಹಣಿಗೆ ನಟ್ಟ ಮುಳ್ಳು, ಹುಬ್ಬು ದಾಟಿ ಕಣ್ಣಿಗೆ ಇಳಿದ ರಕ್ತ, ಶಿಲುಬೆ ಬುಡಕ್ಕ ತಲೆಬುರುಡೆ ಎಲ್ಲಾ ಅದ. ಅದೇ ಹಾಲಿನಾಗ ಪ್ರತಿ ಭಾನುವಾರ 5ರಿಂದ 14 ವರ್ಷದ ಹುಡುಗ್ರಿಗೆ ಧರ್ಮೋಪದೇಶ ತರಗತಿ ಆಗ್ತದ. ಕಮಿಟಿಯಾಗ ಅರ್ಧ ಮಂದಿ "ಹಿಂಗೇ ಇರಲಿ, ನೋವು ಕಾಣಬೇಕು" ಅಂತಾರ. ಇನ್ನರ್ಧ ಮಂದಿ "ಸಣ್ಣೋರ ತಲ್ಯಾಗ ಅಂಜಿಕಿ, ಪಾಪದ ಭಾರ ಕೂಡ್ತದ" ಅಂತಾರ. ಖರೇ ಯಾವುದು? ಏನು ಬಿಡಬೇಕು, ಏನು ಇಡಬೇಕು, ತರಗತಿಯಾಗ ಏನು ಹೇಳಬೇಕು? ಗೊತ್ತಿದ್ದೋರು ಬಿಡಿಸಿ ಹೇಳ್ರಿ.

ಜನವಾಡ ರಸ್ತೆ:
ರಕ್ತ ತೆಗೆದ್ರ ಉಳಿಯೋದು ಬರೇ ಎರಡು ಕಟ್ಟಿಗಿ. ಬರೆಸ್ರಿ.

ತೊಗರಿ ನಾಡು:
ವಯಸ್ಸು ಬಿಟ್ಟು ಈ ಪ್ರಶ್ನೆಗೆ ಉತ್ತರ ಇಲ್ರಿ. 1948ರಾಗ ಮರಿಯಾ ನಾಗಿ ಅನ್ನೋ ಮನಶ್ಶಾಸ್ತ್ರಜ್ಞೆ ಹಂಗೇರಿಯ 3ರಿಂದ 10 ವರ್ಷದ ಮಕ್ಕಳು ಸಾವನ್ನ ಹೆಂಗ ತಿಳ್ಕೊಳ್ತಾರ ಅಂತ ಪ್ರಕಟಿಸಿದ್ರು. ಸಣ್ಣ ಮಕ್ಕಳಿಗೆ ಸಾವು ಅಂದ್ರ ನಿದ್ದಿ, ಇಲ್ಲಾ ಊರಿಗೆ ಹೋಗಿ ಬರೋದು. ಸತ್ತೋರು ತಿರುಗಿ ಬರಂಗಿಲ್ಲ, ಎಲ್ಲರೂ ಸಾಯ್ತಾರ, ಸತ್ತ ಮೈಗೆ ನೋವಿಲ್ಲ ಅನ್ನೋ ಮೂರು ತಿಳುವಳಿಕಿ ಸುಮಾರು 5ರಿಂದ 7ರ ನಡುವ ಕೂಡ್ತಾವ, ಕೆಲವರಿಗೆ ಇನ್ನೂ ತಡ. ಮೂರನೇದು ಇನ್ನೂ ಕೂಡದ ಮಗು ಶಿಲುಬೆ ನೋಡಿದ್ರ "ಆತಗ ನೋಯಾಕತ್ತದ, ಯಾರೂ ಯಾಕ ಇಳಸವಲ್ರು?" ಅಂತ ಕೇಳ್ತದ. ದೊಡ್ಡೋರು ಅದನ್ನ ಭಕ್ತಿ ಅಂತ ಮೆಚ್ಚಿ ಸುಮ್ಮನಾಗ್ತಾರ. ಮಗು ಗಾಬರಿ ಆಗಿರ್ತದ.

ತರಗತಿಗೆ ನಾನು ಹೇಳೋದು ಇಷ್ಟು. 7ರ ಒಳಗಿನೋರಿಗೆ ನಾಲ್ಕೇ ಚಿತ್ರ ಸಾಕು: ಗರಿ ಹಿಡಿದ ಮೆರವಣಿಗಿ, ಕಡೇ ಊಟ, ದೂರದಿಂದ ಕಾಣೋ ಶಿಲುಬೆ, ಖಾಲಿ ಸಮಾಧಿ. ಯೇಸು ಸತ್ತ ಶುಕ್ರವಾರದ ಕಥಿ ಹೇಳಿ "ಮುಂದಿನ ವಾರ ನೋಡೋಣ" ಅಂತ ಬಿಡಬ್ಯಾಡ್ರಿ. ಭಾನುವಾರದ ಪುನರುತ್ಥಾನ ಅದೇ ಕೂತಲ್ಲೇ ಮುಗಿಸ್ರಿ. ಅರ್ಧ ಕಥಿ ಹೊತ್ಕೊಂಡು ಹೋದ ಮಗು ಏಳು ರಾತ್ರಿ ಅದನ್ನೇ ಹಾಸ್ಕೊಂಡು ಮಲಗ್ತದ. ಇನ್ನೊಂದು, "ಯೇಸು ಎದ್ದು ಬಂದ್ರು" ಅಂತ ಕೇಳಿದ ಮಗು, ಹೋದ ವರ್ಷ ತೀರಿದ ಮುತ್ಯಾ ಯಾವಾಗ ಏಳ್ತಾನಂತ ಕೇಳೇ ಕೇಳ್ತದ. ಅದಕ್ಕ ಉತ್ತರ ಮೊದಲೇ ತಯಾರಿರಬೇಕು.

7ರಿಂದ 10ರೋರಿಗೆ ಏನು ನಡೀತು ಹೇಳ್ರಿ, ಮೊಳಿ ಹೆಂಗ ಹೊಡದ್ರು ಅನ್ನೋ ವಿವರ ಬ್ಯಾಡ. 11 ದಾಟಿದೋರಿಗೆ ರೋಮನ್ನರ ಶಿಕ್ಷೆ ಏನು, ಯಾರಿಗೆ ಕೊಡ್ತಿದ್ರು, ಯಾಕ ಊರ ಮುಂದ ತೂಗಹಾಕ್ತಿದ್ರು ಎಲ್ಲಾ ಬಿಡಿಸಿ ಹೇಳಬಹುದು. ಆ ವಯಸ್ಸಿಗೆ ಮುಚ್ಚಿಟ್ರೇ ಕಲ್ಪನಿ ಕೆಟ್ಟದ್ದು ಕಟ್ಟತದ.

ಭೀಮಾ ತೀರ:
ನೀವೆಲ್ಲ ಸುತ್ತು ಬಳಸಿ ಮಾತಾಡ್ತಿದ್ದೀರಿ. ಗೋಡೆಯ ಮೇಲೆ ಹೆಣ ತೂಗುಹಾಕಿ ಅದರ ಕೆಳಗೆ ಮಕ್ಕಳನ್ನು ಕೂರಿಸುವುದೇ ತಪ್ಪು. ಸಾವನ್ನು ನೆನಪಿಸಿದರೆ ಮನುಷ್ಯ ಕಠೋರನಾಗುತ್ತಾನೆ ಎಂದು ಪ್ರಯೋಗಗಳೇ ಹೇಳಿವೆ. 1989ರಲ್ಲಿ ಅಮೆರಿಕದ 22 ನ್ಯಾಯಾಧೀಶರ ಮೇಲೆ ನಡೆದ ಪ್ರಯೋಗದಲ್ಲಿ, ತಮ್ಮ ಸಾವಿನ ಬಗ್ಗೆ ಮೊದಲು ಬರೆದವರು ವೇಶ್ಯಾವೃತ್ತಿಯ ಆರೋಪಿಗೆ ಸರಾಸರಿ 455 ಡಾಲರ್ ಜಾಮೀನು ಹಾಕಿದರು. ಬರೆಯದವರು ಹಾಕಿದ್ದು 50 ಡಾಲರ್. ವಾರವಾರ ಸಾವು ನೋಡುವ ಮಗು ಏನಾಗಿ ಬೆಳೆಯುತ್ತದೆ, ನೀವೇ ಲೆಕ್ಕ ಹಾಕಿ.

ಸೇಡಂ ಓದುಗ:
ಭೀಮಾ ತೀರ ಅಣ್ಣಾರ, ಆ ಪ್ರಯೋಗ ನಡೆದದ್ದು ಹೌದು. ಆದರೆ ಮುಂದಿನದ್ದನ್ನೂ ಹೇಳಬೇಕಲ್ಲ. ಸಾವಿನ ನೆನಪು ಜನರನ್ನು ತಮ್ಮ ನಂಬಿಕೆಗೆ ಬಿಗಿಯಾಗಿ ಅಂಟಿಸುತ್ತದೆ ಎಂಬ ಈ ಸಿದ್ಧಾಂತದ ಒಂದು ಮುಖ್ಯ ಪ್ರಯೋಗವನ್ನು ಇತ್ತೀಚೆಗೆ 21 ಪ್ರಯೋಗಾಲಯಗಳು ಸೇರಿ ಮರುಪರೀಕ್ಷೆ ಮಾಡಿದವು. ನಿರೀಕ್ಷಿಸಿದ ಪರಿಣಾಮ ಸಿಗಲಿಲ್ಲ. 22 ಜನರ ಫಲಿತಾಂಶವನ್ನು ಎತ್ತಿ ಬೀದರಿನ ಮಕ್ಕಳ ತಲೆಗೆ ಕಟ್ಟುವುದು ಸರಿಯಲ್ಲ.

ಈ ಸಿದ್ಧಾಂತ ಕಟ್ಟಿದ ಗುಂಪಿನವರದೇ 1995ರ ಇನ್ನೊಂದು ಪ್ರಯೋಗ ಈ ವಿಷಯಕ್ಕೆ ಹತ್ತಿರ. ಗೋಡೆಗೆ ಮೊಳೆ ಹೊಡೆಯುವ ಕೆಲಸ ಕೊಟ್ಟು, ಕೈಗೆ ಸಿಗುವ ಗಟ್ಟಿ ವಸ್ತು ಶಿಲುಬೆ ಮಾತ್ರ ಆಗುವಂತೆ ಇಟ್ಟರು. ಮೊದಲು ಸಾವಿನ ಬಗ್ಗೆ ಬರೆಸಿದವರು ಶಿಲುಬೆಯನ್ನು ಸುತ್ತಿಗೆಯಾಗಿ ಬಳಸಲು ಹೆಚ್ಚು ಹೊತ್ತು ತೆಗೆದುಕೊಂಡರು, ಹೆಚ್ಚು ಕಸಿವಿಸಿಪಟ್ಟರು. ಇದರಿಂದ ಗೊತ್ತಾಗುವುದು ಇಷ್ಟೇ: ನಂಬುವವನಿಗೆ ಶಿಲುಬೆ ಸಾವಿನ ಚಿತ್ರವಾಗಿ ಕಾಣುವುದಕ್ಕಿಂತ ಸಾವಿನ ಎದುರು ಹಿಡಿಯುವ ಆಸರೆಯಾಗಿ ಕೆಲಸ ಮಾಡುತ್ತದೆ. ಹೊರಗಿನಿಂದ ನೋಡುವವರಿಗೆ ಹೆಣ ಕಾಣುತ್ತದೆ, ಒಳಗಿನವರಿಗೆ ಹಾಗಲ್ಲ.

ಇಟಲಿಯ ಶಾಲಾ ಕೋಣೆಗಳ ಶಿಲುಬೆ ಬಗ್ಗೆ ಸೊಯ್ಲೆ ಲೌತ್ಸಿ ಎಂಬ ತಾಯಿ ಹೂಡಿದ ದಾವೆಯನ್ನೂ ನೋಡಿ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಅವರ ಪರ ತೀರ್ಪು ಕೊಟ್ಟಿತು. 2011ರ ಮಾರ್ಚ್ 18ರಂದು ದೊಡ್ಡ ಪೀಠ 15-2 ಬಹುಮತದಿಂದ ಅದನ್ನು ತಿರುಗಿಸಿತು. ಗೋಡೆಯ ಮೇಲಿನ ಚಿಹ್ನೆ ಮಕ್ಕಳ ಮೇಲೆ ಪ್ರಭಾವ ಬೀರುತ್ತದೆ ಎನ್ನಲು ತನ್ನ ಮುಂದೆ ಪುರಾವೆ ಇಲ್ಲ ಎಂದಿತು.

ಭೀಮಾ ತೀರ:
ಕೋರ್ಟಿನ ಮುಂದೆ ಪುರಾವೆ ಇರಲಿಲ್ಲ ಎಂದರೆ ಪ್ರಭಾವವೇ ಇಲ್ಲ ಎಂದಾಗುವುದಿಲ್ಲ. ಶಾಲೆಯಲ್ಲಿ ಸುಮ್ಮನೆ ತೂಗುವ ಶಿಲುಬೆ ಬೇರೆ. ಇಲ್ಲಿ ಅದೇ ಚಿತ್ರ ತೋರಿಸಿ ಒಂದು ಗಂಟೆ ಪಾಠ ಮಾಡುತ್ತಾರೆ. ಗೋಡೆ ಸುಮ್ಮನಿದ್ದರೂ ಪಾಠ ಮಾಡುವವರು ಸುಮ್ಮನಿರುವುದಿಲ್ಲ.

ಹುಮನಾಬಾದ ಅಕ್ಕ:
ಈಗ ಹೇಳಿದ್ದು ಖರೇ ಮಾತು. ಪ್ರೊಟೆಸ್ಟಂಟರಾದ ಮೆಥೊಡಿಸ್ಟ್ ಚರ್ಚುಗಳಾಗ ಮೈ ಇಲ್ಲದ ಖಾಲಿ ಶಿಲುಬೆ ಇರ್ತದ, ಗೋಡಿ ಮ್ಯಾಲ ಒಂದು ಹನಿ ರಕ್ತ ಇರಂಗಿಲ್ಲ. ಹಂಗಂತ ಅಂಜಿಕಿ ಇಲ್ಲೇನು? ಗೋಡಿ ಮ್ಯಾಲಿಂದ ಇಳಿದ ರಕ್ತ ಹಾಡಿನಾಗ ಹೋಗಿ ಕೂತದ. 1740ರ ದಶಕದಾಗ ಜರ್ಮನಿಯ ಮೊರಾವಿಯನ್ ಅನ್ನೋ ಪ್ರೊಟೆಸ್ಟಂಟ್ ಪಂಗಡದ ಭಕ್ತರು ಯೇಸುವಿನ ಪಕ್ಕೆಯ ಗಾಯದ ಮ್ಯಾಲೇ ಹಾಡು ಕಟ್ಟಿ, ಆ ಗಾಯದ ಸಣ್ಣ ಸಣ್ಣ ಚೀಟಿ ಚಿತ್ರ ಮಾಡಿ ಇಟ್ಕೊಳ್ತಿದ್ರು. ಅವರಿಗೆ ಅದು ಅಂಜಿಕಿ ಆಗಿರಲಿಲ್ಲ, ಬೆಚ್ಚಗಿರೋ ಜಾಗ ಆಗಿತ್ತು. ಅದೇ ಶತಮಾನದಾಗ ಇಂಗ್ಲೆಂಡಿನ ಕವಿ ವಿಲಿಯಂ ಕೌಪರ್ ರಕ್ತದಿಂದ ಪಾಪ ತೊಳೆಯೋ ಹಾಡು ಬರೆದು ಸಾವಿರಾರು ಮಂದಿಗೆ ಸಮಾಧಾನ ಕೊಟ್ಟ. ತಾನು ಮಾತ್ರ 1773ರಿಂದ ದೇವರು ತನ್ನನ್ನ ಶಾಶ್ವತವಾಗಿ ತಳ್ಳಿಬಿಟ್ಟಾನ ಅನ್ನೋ ಖಿನ್ನತಿಯಾಗ ನರಳಿದ. ಒಂದೇ ರಕ್ತ, ಒಬ್ಬರಿಗೊಂದು ಥರ.

ಸಂಡೇ ಸ್ಕೂಲಿನಾಗ ನಿಲ್ಲಿಸಬೇಕಾದ್ದು ಒಂದದ. ಲೆಂಟ್ ಅಂದ್ರ ಈಸ್ಟರ್ ಮುಂಚಿನ ತಪಸ್ಸುಕಾಲದ ದಿನಗಳಾಗ ಹುಡುಗ್ರ ಕೈಗೆ ಸುತ್ತಿಗಿ ಕೊಟ್ಟು, ಒಂದೊಂದು ತಪ್ಪು ಹೇಳ್ಕೋತ ಹಲಗಿಗೆ ಮೊಳಿ ಹೊಡಸೋ ಚಟುವಟಿಕಿ. "ನೀ ಸುಳ್ಳು ಹೇಳಿದ್ದೇ ಈ ಮೊಳಿ" ಅಂತ ಹೇಳಿಕೊಡ್ತಾರ. ಎಂಟು ವರ್ಷದ ಹುಡುಗ ಅದನ್ನ ಉಪಮೆ ಅಂತ ತಿಳಿಯಂಗಿಲ್ಲ, ನಾನೇ ಕೊಂದೆ ಅಂತ ತಿಳೀತಾನ. ಸೂಕ್ಷ್ಮ ಮನಸ್ಸಿನ ಹುಡುಗ್ರು ಅದನ್ನ ವರ್ಷಗಟ್ಟಲೆ ಹೊರ್ತಾರ. ಅದರ ಬದಲಿ ಶಿಲುಬೆ ಮ್ಯಾಲಿನ ಏಳು ಮಾತು ಕಲಸ್ರಿ. "ತಂದೆಯೇ, ಇವರನ್ನು ಕ್ಷಮಿಸು" ಅನ್ನೋದು ಅಲ್ಲೇ ಅದ, ತಾಯಿಯನ್ನ ಶಿಷ್ಯನ ಕೈಗೆ ಒಪ್ಪಿಸಿದ್ದೂ ಅಲ್ಲೇ ಅದ.

ಜನವಾಡ ರಸ್ತೆ:
ಅಕ್ಕಾರ, ಪಾಪ ಅಂತ ಹೇಳದೇ ಶಿಲುಬೆ ಅರ್ಥ ಹೆಂಗ ಹೇಳ್ತೀರಿ? ಎಲ್ಲಾ ಸಿಹಿ ಮಾಡಿದ್ರ ಶುಭ ಶುಕ್ರವಾರ ಯಾಕ ಬೇಕು?

ಹುಮನಾಬಾದ ಅಕ್ಕ:
ಪಾಪ ಹೇಳಬ್ಯಾಡ ಅಂದಿಲ್ರಿ. "ಮನುಷ್ಯರ ಪಾಪ" ಅಂದ್ರ ಒಂದು, ಮಗುವಿನ ಮುಂದ ಬೆರಳು ತೋರಿಸಿ "ನಿನ್ನಿಂದ" ಅಂದ್ರ ಇನ್ನೊಂದು. 12 ದಾಟಿದ ಮ್ಯಾಲ ಅದನ್ನೂ ಮಾತಾಡಬಹುದು, ಕ್ಷಮೆಯ ಜೊತಿಗೇ.

ಬಿದ್ರಿ ಬೆಳ್ಳಿ:
"ಹಿಂದಿನಿಂದ ಹಿಂಗೇ ಅದ" ಅನ್ನುವ ಕಮಿಟಿಯವರಿಗೆ ಇದನ್ನು ಓದಿಸಿ. ಮೊದಲ ಮೂರು ಶತಮಾನ ಕ್ರೈಸ್ತರು ಶಿಲುಬೆಗೇರಿದ ಯೇಸುವನ್ನು ಚಿತ್ರಿಸಿದ್ದು ಬಲು ಅಪರೂಪ. ರೋಮಿನ ನೆಲಮಾಳಿಗೆ ಸಮಾಧಿಗಳಲ್ಲಿ ಇರುವುದು ಮೀನು, ಲಂಗರು, ಕುರಿಮರಿ ಹೊತ್ತ ಕುರುಬ. ನಮಗೆ ಸಿಕ್ಕಿರುವ ಅತಿ ಹಳೆಯ ಶಿಲುಬೆ ಚಿತ್ರಗಳಲ್ಲಿ ಒಂದು, ಕ್ರಿ.ಶ. 200ರ ಸುಮಾರಿಗೆ ರೋಮಿನ ಗೋಡೆಯಲ್ಲಿ ಯಾರೋ ಕೆತ್ತಿದ ಅಪಹಾಸ್ಯ: ಕತ್ತೆ ತಲೆಯ ಮನುಷ್ಯ ಶಿಲುಬೆಯ ಮೇಲೆ, ಕೆಳಗೆ ಕೈ ಎತ್ತಿದ ಭಕ್ತ. ನಿಜವಾದ ಶಿಲುಬೆ ಶಿಕ್ಷೆಯನ್ನು ಕಣ್ಣಾರೆ ಕಂಡ ಜನಕ್ಕೆ ಅದನ್ನು ಪೂಜೆಯ ಜಾಗದಲ್ಲಿ ಇಡುವುದು ಸಾಧ್ಯವಿರಲಿಲ್ಲ. 4ನೇ ಶತಮಾನದಲ್ಲಿ ಶಿಕ್ಷೆ ನಿಂತ ಮೇಲೇ ಚಿತ್ರ ಬಂತು. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ, ಸುಮಾರು 430ರದ್ದು, ಯೇಸು ಕಣ್ಣು ತೆರೆದು ಕೈಚಾಚಿ ನಿಂತಿದ್ದಾರೆ. ನೋವಿನ ಸುಳಿವೂ ಇಲ್ಲ.

ಸತ್ತ, ತಲೆ ಜೋತ, ಹೊಟ್ಟೆ ಉಬ್ಬಿದ ಯೇಸು ದೊಡ್ಡ ಗಾತ್ರದಲ್ಲಿ ಬಂದದ್ದು ಜರ್ಮನಿಯ ಕೊಲೋನ್ ಚರ್ಚಿನ ಗೇರೋ ಶಿಲುಬೆಯಲ್ಲಿ, 10ನೇ ಶತಮಾನದ ಕೊನೆಗೆ. 13ನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರಭಾವದಿಂದ ನೋವು ಮುಖ್ಯವಾಯಿತು. 1347ರ ನಂತರದ ಪ್ಲೇಗಿನಲ್ಲಿ ಬುರುಡೆ, ಎಲುಬು, ಸಾವಿನ ಕುಣಿತ ಗೋಡೆಗೆ ಏರಿದವು. ಮಾದರಿ ಹಾಳೆಯಲ್ಲಿ ಇರುವುದು ಆ ಕಾಲದ ಯುರೋಪು.

ಸುರಪುರ ಸೀಮೆ:
ಸಾವಿನ ಚಿಹ್ನಿ ಕ್ರೈಸ್ತರದ್ದಷ್ಟೇ ಅನ್ನೋಹಂಗ ಮಾತಾಡಬ್ಯಾಡ್ರಿ. ಯಾದಗಿರಿ ಕಡೆ ಪುರವಂತರು ವೀರಭದ್ರನ ಹೆಸರಿನಾಗ ಗಲ್ಲಕ್ಕ ಶಸ್ತ್ರ ಚುಚ್ಕೊಳ್ತಾರ. ಕಾಳಿ ಕೊರಳಾಗ ರುಂಡಮಾಲಿ ಅದ. ಮೊಹರಂನಾಗ ಅಲಾಯಿ (ಬೆಂಕಿ ಕುಣಿ) ಮುಂದ ಎಲ್ಲಾ ಜಾತಿಯೋರು ಕೂಡಿ ಕರ್ಬಲಾದ ರಿವಾಯತ್ ಪದ ಹಾಡಿ ಕಣ್ಣೀರು ಹಾಕ್ತಾರ. ಸಣ್ಣ ಹುಡುಗ್ರು ಹೆಗಲ ಮ್ಯಾಲ ಕೂತು ನೋಡ್ತಾರ, ಹೆದರಂಗಿಲ್ಲ. ಯಾಕಂದ್ರ ಅದಕ್ಕ ಸುರು ಅದ, ಮುಗ್ಯಾಯ ಅದ. ಹತ್ತನೇ ದಿನ ಪೀರಗಳು ಹೊಳಿಗೆ ಹೋದ್ವು ಅಂದ್ರ ಮುಗೀತು, ಮರುದಿನ ಹೊಲದ ಕೆಲಸ. ಗೋಡಿ ಮ್ಯಾಲ ಬರೆದದ್ದು 365 ದಿನ ಇರ್ತದ. ನೀವು ಕೇಳಬೇಕಾದ ಪ್ರಶ್ನಿ ಅದು.

ತೊಗರಿ ನಾಡು:
ಸುರಪುರದೋರ ಮಾತು ಭಾಳ ಮುಖ್ಯ. ಕಥೋಲಿಕರ ಪಂಚಾಂಗದಾಗೂ ಆ ಮಿತಿ ಅದ. ವಿಭೂತಿ ಬುಧವಾರ ಹಣಿಗೆ ಬೂದಿ, ಅದು ಹಿಂದಿನ ವರ್ಷದ ಗರಿ ಸುಟ್ಟದ್ದು. "ಮಣ್ಣಿಗೆ ಮರಳುವೆ" ಅಂತ ಒಂದು ದಿನ ಹೇಳ್ತಾರ, ಭಾನುವಾರ ಬಿಟ್ಟು 40 ದಿನ ತಪಸ್ಸುಕಾಲ, ಆಮ್ಯಾಲ ಈಸ್ಟರ್. ಹಣಿಗೆ ವಿಭೂತಿ ಹಚ್ಚೋ ನಾಡಿನಾಗ ಈ ಬೂದಿ ಯಾರಿಗೂ ಹೊಸದಲ್ಲ. ಭಾರವಾದ ಚಿತ್ರ ಬೇಕೇ ಬೇಕಂದ್ರ ಬಟ್ಟಿ ಮ್ಯಾಲ ಬರೆಸಿ ತಪಸ್ಸುಕಾಲದ ಶುಕ್ರವಾರ ಅಷ್ಟೇ ತೂಗಹಾಕ್ರಿ, ಈಸ್ಟರಿಗೆ ಸುತ್ತಿ ಇಡ್ರಿ.

ಭೀಮಾ ತೀರ:
ಬಟ್ಟೆಯ ಉಪಾಯ ಒಪ್ಪುತ್ತೇನೆ. ಆದರೆ ಬಿದ್ರಿ ಬೆಳ್ಳಿ ಅವರು ಒಂದು ವಿಷಯ ಹೇಳಿ: ಗಾಯ ತುಂಬಿದ ಚಿತ್ರದಿಂದ ಯಾರಿಗಾದರೂ ಒಳ್ಳೆಯದಾದ ಒಂದಾದರೂ ಉದಾಹರಣೆ ಇದೆಯೇ?

ಬಿದ್ರಿ ಬೆಳ್ಳಿ:
ಇದೆ. ಇಸೆನ್‌ಹೈಮ್ ಪೂಜಾಪೀಠದ ಚಿತ್ರ, ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದದ್ದು. ಈಗ ಫ್ರಾನ್ಸಿನ ಕೋಲ್ಮಾರ್ ಊರಿನ ಮ್ಯೂಸಿಯಂನಲ್ಲಿದೆ. ಹತ್ತಿರದಿಂದ ನೋಡಿದರೆ ಯೇಸುವಿನ ಮೈ ಹಸಿರುಗಟ್ಟಿದೆ, ಚರ್ಮದ ತುಂಬ ಹುಣ್ಣು, ಹುಣ್ಣಿನೊಳಗೆ ಮುರಿದ ಮುಳ್ಳಿನ ತುದಿ ಹಾಗೇ ಉಳಿದಿದೆ, ಕೈಬೆರಳು ಸೆಟೆದು ಮೇಲಕ್ಕೆ ಚಾಚಿವೆ. ಇದನ್ನು ಬರೆಸಿದವರು ಸಂತ ಅಂತೋಣಿಯ ಸನ್ಯಾಸಿಗಳು. ಅವರು ನೋಡಿಕೊಳ್ಳುತ್ತಿದ್ದುದು "ಅಂತೋಣಿಯ ಬೆಂಕಿ" ಎಂಬ ರೋಗದವರನ್ನು. ರೈ ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಬೂಷ್ಟು ರೊಟ್ಟಿಯಲ್ಲಿ ಸೇರಿ ರಕ್ತನಾಳ ಕುಗ್ಗಿಸುತ್ತದೆ. ಕೈಕಾಲು ಸುಟ್ಟಂತೆ ಉರಿದು, ಕಪ್ಪಾಗಿ ಕೊಳೆತು, ಕೊನೆಗೆ ಕಡಿಯಬೇಕಾಗುತ್ತದೆ. ಅಂಥ ರೋಗಿಗಳನ್ನು ಈ ಚಿತ್ರದ ಮುಂದೆ ಕರೆತರುತ್ತಿದ್ದರು. ದೇವರ ಮೈಮೇಲೆ ತನ್ನದೇ ಹುಣ್ಣು ಕಂಡವನಿಗೆ "ಇದು ನನ್ನ ಪಾಪದ ಶಿಕ್ಷೆ" ಎಂಬ ಮಾತಿಗಿಂತ "ಆತನೂ ಇದನ್ನೇ ಅನುಭವಿಸಿದ" ಎಂಬ ಮಾತು ಹತ್ತಿರವಾಗುತ್ತಿತ್ತು. ಹಬ್ಬದ ದಿನ ಅದೇ ಚಿತ್ರದ ರೆಕ್ಕೆ ಬಾಗಿಲು ತೆರೆದರೆ ಒಳಗೆ ಪುನರುತ್ಥಾನ: ಬೆಳಕಿನಲ್ಲಿ ಏಳುವ ಮೈ, ಚರ್ಮದ ಮೇಲೆ ಒಂದೂ ಹುಣ್ಣಿಲ್ಲ.

ಬಿಳಿಜೋಳ:
ನಡುವ ಒಂದು ಮಾತು. ಸಜ್ಜಿ ತೆನಿಗೂ ಅದೇ ಜಾತಿ ಬೂಷ್ಟು ಹತ್ತತದ. ಮೊದಲು ತೆನಿಯಿಂದ ಜೇನಿನಂಥ ಅಂಟು ಸುರೀತದ, ಆಮ್ಯಾಲ ಕಾಳಿನ ಜಾಗದಾಗ ಕಪ್ಪು ಗಟ್ಟಿ ಕಾಣತದ. ಬೀಜ ಉಪ್ಪಿನ ನೀರಾಗ ಹಾಕಿದ್ರ ಆ ಕಪ್ಪು ಗಟ್ಟಿ ತೇಲ್ತಾವ, ತೆಗೆದು ಚೆಲ್ಲಿ, ಉಳಿದ ಬೀಜ ಒಳ್ಳೆ ನೀರಾಗ ತೊಳೆದು ಒಣಗಿಸಿ ಬಿತ್ತಬೇಕು.

ಔರಾದ ಗಡಿ:
ಬಿದ್ರಿ ಬೆಳ್ಳಿ ಅವರು ಹೇಳಿದ್ದನ್ನ ನಮ್ಮ ಜಿಲ್ಲೆಗೆ ಹಚ್ಚಿ ನೋಡ್ರಿ. ಬೀದರಿನ ಕ್ರೈಸ್ತರೊಳಗ ಬಹಳಷ್ಟು ಕುಟುಂಬ ದಲಿತ ಕೇರಿಯಿಂದ ಬಂದವು. 1980ರ ದಶಕದಾಗ ಅರವಿಂದ ನಿರ್ಮಲ್ ಅವರು ದಲಿತ ದೇವತಾಶಾಸ್ತ್ರ ಕಟ್ಟಿದಾಗ, ಅವಮಾನ ಉಂಡು ಊರ ಹೊರಗ ಸತ್ತ ಯೇಸು ದಲಿತನೇ ಅಂದ್ರು. ಬಡಿಸಿಕೊಂಡ ಬೆನ್ನು ನೋಡಿದ್ರ ಕೇರಿಯ ಮುದುಕಿಗೆ ಅಂಜಿಕಿ ಬರಂಗಿಲ್ಲ, ಗುರುತು ಹತ್ತತದ. ಶಹರದೋರಿಗೆ ಅಸಹ್ಯ ಆಗ್ತದಂತ ಆ ಬೆನ್ನ ಮ್ಯಾಲಿನ ಬಾಸುಂಡೆ ಅಳಸಿಬಿಡಬ್ಯಾಡ್ರಿ. ಅದು ಆಕಿದೂ ಹೌದು.

ಭೀಮಾ ತೀರ:
ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ದೊಡ್ಡವರಿಗೆ ಸರಿ. ಐದು ವರ್ಷದವರ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ರಾತ್ರಿ ಪಾಳಿ:
ಇನ್ನೊಂದು ಗುಂಪು ಅದ, ಯಾರೂ ಹೇಳಲಿಲ್ಲ. ಶಿಲುಬೆ ನೋಡಿದ ತಕ್ಷಣ ಮನಸ್ಸಿನಾಗ ಅಶ್ಲೀಲ ಮಾತು, ಉಗುಳಬೇಕು ಅನ್ನೋ ವಿಚಾರ ತಾನಾಗೇ ಬಂದು, "ನಾನು ದೇವನಿಂದೆ ಮಾಡಿದೆ" ಅಂತ ದಿನಕ್ಕ ನಾಲ್ಕು ಸಲ ಪಾಪನಿವೇದನೆಗೆ (ಫಾದರ್ ಮುಂದ ಪಾಪ ಹೇಳ್ಕೊಳ್ಳಾಕ) ಓಡೋರು. ಇದು ಗೀಳುರೋಗದ ಒಂದು ರೂಪ. ಚಿತ್ರದಿಂದ ರೋಗ ಹುಟ್ಟಂಗಿಲ್ಲ, ರೋಗ ಚಿತ್ರಕ್ಕ ಅಂಟ್ಕೋತದ. ಹಿಂದೂಗಳಿಗೆ ಮಡಿ ವಿಷಯದಾಗ, ಮುಸ್ಲಿಮರಿಗೆ ನಮಾಜಿನ ಮುಂಚೆ ಕೈಕಾಲು ತೊಳೆಯೋ ವುಜೂ ವಿಷಯದಾಗ ಇದೇ ಬರ್ತದ.

ಮನಿಯೋರು ಮಾಡೋ ತಪ್ಪು ಮೂರು. ಶಿಲುಬೆ ತೆಗೆದು ಮುಚ್ಚಿಡೋದು: ತಪ್ಪಿಸಿಕೊಂಡಷ್ಟೂ ಅಂಜಿಕಿ ಬೆಳೀತದ. "ಏನಾಗಂಗಿಲ್ಲ, ದೇವರು ಕ್ಷಮಿಸ್ಯಾನ" ಅಂತ ದಿನಾ ಹತ್ತು ಸಲ ಸಮಾಧಾನ ಹೇಳೋದು: ಹತ್ತು ನಿಮಿಷ ತಣ್ಣಗಾಗಿ ಮತ್ತ ಕೇಳ್ತಾರ. ದೆವ್ವ ಬಿಡಿಸೋ ಪ್ರಾರ್ಥನಿಗೆ ಒಯ್ಯೋದು: "ನನ್ನೊಳಗ ಸೈತಾನ ಅದ" ಅನ್ನೋದು ಖಾತ್ರಿ ಆಗ್ತದ.

ಸರಿಯಾದ ಚಿಕಿತ್ಸೆಯಾಗ ಅಂಜಿಸೋ ಚಿತ್ರದ ಮುಂದ ಹಂತಹಂತವಾಗಿ ಕೂಡಿಸಿ, ಮತ್ತ ಮತ್ತ ಪಾಪನಿವೇದನೆ ಮಾಡೋದನ್ನ ತಡೀತಾರ. ಮಾತ್ರಿ ಬೇಕಾದ್ರ ಗುಣ ಕಾಣಾಕ 8ರಿಂದ 12 ವಾರ ಹಿಡೀತದ, ನಡುವ ಬಿಡಬಾರದು. ಮುಂದ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ 1522ರಾಗ ಸ್ಪೇನಿನ ಮನ್ರೇಸಾದಾಗ ಇದೇ ಕಾಟಕ್ಕ ಜೀವ ಕಳಕೊಳ್ಳೋ ಮಟ್ಟಕ್ಕ ಹೋಗಿದ್ರು. ಹಳೆ ಪಾಪ ಇನ್ನ ಹೇಳಂಗಿಲ್ಲ ಅಂತ ಗಟ್ಟಿ ಮಾಡಿದ ಮ್ಯಾಲ ಬಿಡುಗಡಿ ಆಯ್ತು. ಫಾದರ್ ಹತ್ರ ಮೊದಲೇ ಮಾತಾಡಿ, ವಾರಕ್ಕೊಮ್ಮೆ ಮಾತ್ರ ಪಾಪನಿವೇದನೆ ಅಂತ ಗೊತ್ತು ಮಾಡ್ಕೊಂಡ್ರ ಡಾಕ್ಟರ್ ಕೆಲಸ ಅರ್ಧ ಹಗುರ. ಜಿಲ್ಲಾ ಆಸ್ಪತ್ರಿಯ ಮಾನಸಿಕ ವಿಭಾಗಕ್ಕ ಹೋಗ್ರಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ದುಡ್ಡಿಲ್ಲ.

ಸೇಡಂ ಓದುಗ:
ಇದಕ್ಕೆ ಸೇರಿಸುವುದು ಒಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 55 ದಾಟಿದ 596 ಆಸ್ಪತ್ರೆ ರೋಗಿಗಳನ್ನು ಎರಡು ವರ್ಷ ಗಮನಿಸಿದರು. ದೇವರು ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದುಕೊಂಡವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಹಾಗಾಗಿ "ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಎಂಬ ಶಿಲುಬೆಯ ಕೂಗನ್ನು ರೋಗಿಯ ಮುಂದೆ ಓದುವ ಸಭಾಪಾಲಕರು ಅಲ್ಲಿಗೇ ನಿಲ್ಲಿಸಬಾರದು. ಅದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ಕೀರ್ತನೆಯ ಕೊನೆ ಸ್ತುತಿಯಲ್ಲಿದೆ. ಪೂರ್ತಿ ಓದಿ.

ಶಹಾಬಾದ ಕಲ್ಲು:
ಕೆಲಸದ ಮಾತಿಗೆ ಬರೋಣ. ಶಿಲುಬೆ ಹಾದಿಗೆ ಬೇಕೇ ಬೇಕಾದ್ದು ಕಟ್ಟಿಗಿಯ 14 ಶಿಲುಬೆ. ಚಿತ್ರ ಕಡ್ಡಾಯ ಅಲ್ಲ. 14 ಅಂತ ಗೊತ್ತು ಮಾಡಿದ್ದು 1731ರಾಗ ಪೋಪ್ 12ನೇ ಕ್ಲೆಮೆಂಟ್. ಆ ಪಟ್ಟಿಯಾಗ ಮೂರು ಸಲ ಬೀಳೋದು, ವೆರೋನಿಕಾ ಮುಖ ಒರೆಸೋದು ಸುವಾರ್ತೆಯಾಗ ಇಲ್ಲ. 1991ರಾಗ ಪೋಪ್ 2ನೇ ಜಾನ್ ಪಾಲ್ ರೋಮಿನ ಕೊಲೊಸಿಯಂನಾಗ ಪೂರ್ತಿ ಬೈಬಲ್ ಪ್ರಕಾರದ 14 ನಡೆಸಿದ್ರು. ಹಿಂಗಾಗಿ ಸಾಗುವಾನಿ ಶಿಲುಬೆ, ಕೆಳಗ ಶಹಾಬಾದ ಕಲ್ಲಿನ ಚಪ್ಪಡಿ ಮ್ಯಾಲ ಬರೇ ಸಂಖ್ಯೆ ಕೆತ್ತಿದ್ರೂ ಹಾದಿ ಪೂರ್ತಿ ಆಗ್ತದ.

ಚಿತ್ರ ಬೇಕೇ ಬೇಕಂದ್ರ ಪೇಂಟರಿಗೆ ಈ ಮಾತು ಹೇಳ್ರಿ. ಬುರುಡೆ ತೆಗೀರಿ. ಅದು ಆದಾಮನ ಬುರುಡೆ ಅನ್ನೋದು ಹಳೆ ಸಂಪ್ರದಾಯ, ಆದ್ರ ಇಲ್ಲಿ ಹುಡುಗ್ರಿಗೆ ಬುರುಡೆ-ಎಲುಬು ಅಂದ್ರ ಕರೆಂಟ್ ಕಂಬದ ಅಪಾಯ ಫಲಕ, ಇಲ್ಲಾ ಮಾಟ. ಯಾರೂ ವಿವರಿಸದ ಚಿಹ್ನಿಗೆ ಮಗು ತಾನೇ ಅರ್ಥ ಕಟ್ಟತದ. ಗುಂಪಿನ ಮುಖ ವಿಕಾರ ಮಾಡಬ್ಯಾಡ್ರಿ. ಯುರೋಪಿನಾಗ ಯೆಹೂದ್ಯರ ಮೂಗು ಸೊಟ್ಟ ಮಾಡಿ ಬರೆದು ಶತಮಾನಗಟ್ಟಲೆ ದ್ವೇಷ ಬೆಳೀತು. ಯೇಸುವಿನ ಸಾವಿನ ಹೊಣಿ ಎಲ್ಲಾ ಯೆಹೂದ್ಯರ ಮ್ಯಾಲ ಹಾಕಬಾರದಂತ 1965ರಾಗ ವ್ಯಾಟಿಕನ್ ಮಹಾಸಭೆನೇ ಹೇಳಿದ ಮ್ಯಾಲೂ ಹಳೆ ಮಾದರಿ ಹಾಳಿ ಹಂಗೇ ಓಡಾಡ್ತಾವ. ರಕ್ತ ಬೆನ್ನಿಗೆ, ಕೈಗೆ ಇರಲಿ, ಕಣ್ಣಿಗೆ ಬ್ಯಾಡ. ಮಗು ಮೊದಲು ನೋಡೋದು ಕಣ್ಣು. ಯೇಸು ಪ್ರಾಣ ಬಿಡೋ 12ನೇ ಚಿತ್ರ ಹುಡುಗ್ರು ಕೂಡೋ ಸಾಲಿನ ನೇರಕ್ಕ ಬರಬಾರದು, ಅಲ್ಟಾರಿನ (ಪೂಜಾಪೀಠದ) ಪಕ್ಕಕ್ಕ ಸರಿಸ್ರಿ. ಹೊರಗ ಹೋಗೋ ಬಾಗಿಲ ಹತ್ರ ಖಾಲಿ ಸಮಾಧಿಯ 15ನೇದು ಇರಲಿ.

ಜನವಾಡ ರಸ್ತೆ:
ಮೊಳಿ ಅಂಗೈಯಾಗೋ ಮಣಿಕಟ್ಟಿನಾಗೋ? ಪೇಂಟರ್‌ಗಳು ಜಗಳ ಆಡ್ತಾರ.

ಬಿದ್ರಿ ಬೆಳ್ಳಿ:
ಕೈಗೆ ಸಂಬಂಧಿಸಿ ಉತ್ಖನನದ ಗಟ್ಟಿ ಸಾಕ್ಷಿ ಇಲ್ಲ. ಕಾಲಿಗೆ ಇದೆ. 1968ರಲ್ಲಿ ಜೆರುಸಲೇಮಿನಲ್ಲಿ ಯೆಹೋಹಾನಾನ್ ಎಂಬವನ ಹಿಮ್ಮಡಿ ಎಲುಬು ಸಿಕ್ಕಿತು, ಸುಮಾರು 11.5 ಸೆಂಟಿಮೀಟರ್ ಮೊಳೆ ಪಕ್ಕದಿಂದ ತೂರಿ ಹಾಗೇ ಉಳಿದಿತ್ತು. ಎರಡು ಪಾದ ಒಂದರ ಮೇಲೊಂದು ಇಟ್ಟು ಒಂದೇ ಮೊಳೆ ಹೊಡೆದ ಚಿತ್ರ ಮಧ್ಯಯುಗದ ಯುರೋಪಿನದು.

ಮಾಂಜ್ರಾ ದಂಡೆ:
ಎಲ್ಲರಿಗೂ ಶರಣು. ಕಮಿಟಿ ಮುಂದ ಹಿಂಗ ಇಡ್ತೀನಿ: ಗೋಡಿಗೆ ಕಟ್ಟಿಗಿ ಶಿಲುಬೆ, ಕಲ್ಲಿನ ಸಂಖ್ಯೆ, ಬಾಗಿಲ ಹತ್ರ 15ನೇದು ಒಂದೇ ಚಿತ್ರ. ಬಾಸುಂಡೆ ಇರೋ 14 ಚಿತ್ರ ಬಟ್ಟಿ ಮ್ಯಾಲ, ತಪಸ್ಸುಕಾಲದ ಶುಕ್ರವಾರಕ್ಕ. ಗಿಲಾವು ಹೋದ ವಾರ ಆಗ್ಯದ, 15ನೇದು ಈಗೇ ಬರೆಸಬಹುದಾ?

ಶಹಾಬಾದ ಕಲ್ಲು:
ಬ್ಯಾಡ. ಸಿಮೆಂಟ್ ಗಿಲಾವು ಅಂದ್ರ ಕನಿಷ್ಠ 28 ದಿನ ಬಿಡ್ರಿ. ಹಸಿ ಗೋಡಿಯ ಕ್ಷಾರಕ್ಕ ಬಜಾರಿನ ಹೊಳೆಯೋ ಕೆಂಪು ವರ್ಷದೊಳಗ ಬಿಳುಚಿ ಗುಲಾಬಿ ಆಗ್ತದ. ಕ್ಷಾರ ತಡೆಯೋ ಪ್ರೈಮರ್ ಒಂದು ಕೋಟ್ ಹೊಡೆದು, ಕೆಂಪಿಗೆ ರೆಡ್ ಆಕ್ಸೈಡ್ ಬಳಸ್ರಿ. ಬಟ್ಟಿಗೆ ದಪ್ಪ ಕಾಟನ್ ಕ್ಯಾನ್ವಾಸ್ ತಗೋರಿ, ಚಿತ್ರ ಹೊರಮುಖ ಮಾಡಿ ಕೊಳವಿಗೆ ಸುತ್ರಿ. ಒಳಮುಖ ಸುತ್ತಿದ್ರ ಬಣ್ಣ ಒತ್ತಿ ಸುಕ್ಕಾಗಿ ಬಿರೀತದ.